ಗ್ಯಾಸಿನ ಗುಳಿಗೆ ಕೇಳುವ ಮುನ್ನ: ಎದೆಯುರಿಗೆ ಯಾವುದು, ವಾಕರಿಕೆಗೆ ಯಾವುದು

ಧಾರವಾಡದ ಸಪ್ತಾಪುರದಲ್ಲಿ ಔಷಧದ ಅಂಗಡಿ ಇಟ್ಟುಕೊಂಡವರ ಕಿವಿಗೆ ದಿನವೂ ಬೀಳುವ ಮಾತು, "ಕಾಕಾ, ಗ್ಯಾಸಿನ ಗುಳಿಗೆ ಕೊಡಿ" ಎಂಬುದು. ಕೇಳುವವರು ಹೆಚ್ಚಾಗಿ ಇಪ್ಪತ್ತರ ಆಚೀಚಿನವರು. ರೋಣ, ನರಗುಂದ, ಹಾನಗಲ್ಲ, ಸವಣೂರು ಕಡೆಯಿಂದ ಬಂದು ಬಾಡಿಗೆ ಕೋಣೆಯಲ್ಲಿದ್ದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು, ವಿಶ್ವವಿದ್ಯಾಲಯದ ಹಾಸ್ಟೆಲಿನವರು, ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗಿಬರುವವರು. ಏನಾಗುತ್ತಿದೆ ಎಂದು ನಾನು ತಿರುಗಿ ಕೇಳಿದರೆ ಬರುವ ಉತ್ತರಗಳು ಒಂದರಂತೆ ಒಂದಿರುವುದಿಲ್ಲ. ಒಬ್ಬನಿಗೆ ರಾತ್ರಿ ಮಲಗಿದ ಮೇಲೆ ಎದೆಯ ನಡುವೆ ಉರಿ. ಒಬ್ಬಳಿಗೆ ಬೆಳಗ್ಗೆ ಹಲ್ಲುಜ್ಜುವಾಗ ವಾಕರಿಕೆ. ಮತ್ತೊಬ್ಬನಿಗೆ ನಾಲ್ಕು ತುತ್ತು ಉಂಡರೆ ಸಾಕು, ಹೊಟ್ಟೆ ತುಂಬಿ ಬಿಗಿದಂತೆ. ಊರಿನಿಂದ ಅವ್ವ ಫೋನ್ ಮಾಡಿ "ಪಿತ್ತ ಆಗಿರಬೇಕು" ಎಂದಿರುತ್ತಾಳೆ. ಕೋಣೆಯ ಗೆಳೆಯ ತನ್ನ ಸ್ಟ್ರಿಪ್ಪಿನಿಂದ ಒಂದು ಕ್ಯಾಪ್ಸೂಲ್ ಮುರಿದು ಕೊಟ್ಟಿರುತ್ತಾನೆ. ಅದೇ ಕ್ಯಾಪ್ಸೂಲ್ ಮುಂದೆ ತಿಂಗಳುಗಟ್ಟಲೆ ನಡೆಯುತ್ತದೆ.

ಇದು ನನ್ನನ್ನು ನಿಜಕ್ಕೂ ಕಾಡುವ ವಿಷಯ. ಎದೆಯುರಿ ಮತ್ತು ವಾಕರಿಕೆ ಒಟ್ಟಿಗೆ ಬರುತ್ತವೆ, ಆದರೆ ಒಂದೇ ಕಾರಣದಿಂದ ಬರಬೇಕೆಂದಿಲ್ಲ, ಒಂದೇ ಔಷಧಕ್ಕೆ ಬಗ್ಗಬೇಕೆಂದೂ ಇಲ್ಲ. ಯಾವ ಗುಳಿಗೆ ಜೋರು ಎಂದು ಕೇಳುವ ಬದಲು ಎರಡು ಪ್ರಶ್ನೆ ಕೇಳಿಕೊಳ್ಳಿ: ಉರಿ ಮುಂದೆಯೋ, ವಾಕರಿಕೆ ಮುಂದೆಯೋ? ಅದು ಬರುವ ಹೊತ್ತು ಯಾವುದು? ಈ ಎರಡಕ್ಕೆ ಉತ್ತರ ಸಿಕ್ಕರೆ ಆಯ್ಕೆಯ ಬಹುಪಾಲು ಮುಗಿದಂತೆಯೇ.

ಅನ್ನನಾಳ ಜಠರವನ್ನು ಸೇರುವಲ್ಲಿ ಸ್ನಾಯುವಿನ ಒಂದು ಉಂಗುರವಿದೆ. ನುಂಗಿದಾಗ ಸಡಿಲವಾಗಿ, ಮತ್ತೆ ಬಿಗಿಯಾಗಬೇಕಾದದ್ದು ಅದರ ಕೆಲಸ. ಹೊಟ್ಟೆ ಅತಿಯಾಗಿ ತುಂಬಿದಾಗ, ಜಿಡ್ಡಿನ ಊಟವಾದಾಗ, ತಂಬಾಕು ಅಥವಾ ಮದ್ಯ ಸೇರಿದಾಗ ಅದು ಹೊತ್ತಲ್ಲದ ಹೊತ್ತಿನಲ್ಲಿ ಸಡಿಲವಾಗುತ್ತದೆ, ಆಮ್ಲ ಮೇಲೇರುತ್ತದೆ. ಉಂಡು ಒಂದೆರಡು ಗಂಟೆಯೊಳಗೆ, ಬಾಗಿದಾಗ, ಮಲಗಿದಾಗ ಉರಿ ಹೆಚ್ಚಾಗಿ, ಬಾಯಿಗೆ ಹುಳಿ ಬಂದರೆ ಅದು ಈ ದಾರಿಯ ತೊಂದರೆ. ಊಟಕ್ಕೂ ಮಲಗುವುದಕ್ಕೂ ಸಂಬಂಧವೇ ಇಲ್ಲದ ವಾಕರಿಕೆಯಾದರೆ ಬೇರೆ ಕಡೆ ಹುಡುಕಬೇಕು.

ವಾಕರಿಕೆ ಮುಂದಿದ್ದರೆ

ಮದುವೆಯಾಗಿರಲಿ ಬಿಡಲಿ, ಗರ್ಭಿಣಿಯಾಗುವ ಸಾಧ್ಯತೆ ಇರುವ ಹೆಣ್ಣುಮಗಳಿಗೆ ಬೆಳಗಿನ ವಾಕರಿಕೆ ಬಂದು ಮುಟ್ಟು ತಡವಾಗಿದ್ದರೆ ಮೊದಲು ಬೇಕಾದದ್ದು ಗರ್ಭ ಪರೀಕ್ಷೆಯ ಕಿಟ್, ಆಮೇಲೆ ಗುಳಿಗೆ. ಇದನ್ನು ಕೇಳಲು ಹುಡುಗಿಯರು ಸಂಕೋಚಪಡುತ್ತಾರೆ. ಅಂಗಡಿಯವರು ಕಾಗದದಲ್ಲಿ ಸುತ್ತಿ ಸುಮ್ಮನೆ ಕೊಡಬೇಕು, ಮುಖ ನೋಡುತ್ತ ನಿಲ್ಲಬಾರದು.

ಎರಡನೆಯದು ನೀವು ಈಗಾಗಲೇ ನುಂಗುತ್ತಿರುವ ಬೇರೆ ಔಷಧಗಳು. ತಲೆನೋವಿಗೋ ಮುಟ್ಟಿನ ನೋವಿಗೋ ತೆಗೆದುಕೊಳ್ಳುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಠರದ ಒಳಪದರವನ್ನು ಕೆರಳಿಸುತ್ತವೆ. ಮೊಡವೆಗೆ ಬರೆದುಕೊಡುವ ಡಾಕ್ಸಿಸೈಕ್ಲಿನ್ ಗುಳಿಗೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಿ ಹಾಗೆಯೇ ಮಲಗಿದರೆ ಅದು ಅನ್ನನಾಳಕ್ಕೆ ಅಂಟಿಕೊಂಡು ಅಲ್ಲೇ ಹುಣ್ಣು ಮಾಡುತ್ತದೆ. ನುಂಗಿದ ಪ್ರತಿ ತುತ್ತೂ ಎದೆಯಲ್ಲಿ ನೋಯುತ್ತದೆ. ಇದಕ್ಕೆ ಆಮ್ಲದ ಗುಳಿಗೆ ಸೇರಿಸುವ ಮುಂಚೆ ಡಾಕ್ಸಿಸೈಕ್ಲಿನ್ ನುಂಗುವ ರೀತಿ ಬದಲಾಗಬೇಕು: ತುಂಬಿದ ಲೋಟ ನೀರು, ಆಮೇಲೆ ಅರ್ಧ ಗಂಟೆಯಾದರೂ ನೆಟ್ಟಗೆ ಕುಳಿತಿರುವುದು. ರಕ್ತಹೀನತೆಗೆ ಕೊಡುವ ಕಬ್ಬಿಣದ ಗುಳಿಗೆ ಬರಿಹೊಟ್ಟೆಯಲ್ಲಿ ಹಲವರಿಗೆ ವಾಕರಿಕೆ ತರುತ್ತದೆ. ಊಟದ ನಂತರ ತೆಗೆದುಕೊಂಡರೆ ಮೈಗೆ ಹತ್ತುವುದು ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ನಡುವೆ ಬಿಟ್ಟುಬಿಡುವುದಕ್ಕಿಂತ ಅದು ಎಷ್ಟೋ ಮೇಲು.

ಅನ್ನ ಕಂಡರೆ ಹೇಸಿಗೆಯಾಗುವುದು, ಸಣ್ಣ ಜ್ವರ, ಸುಸ್ತು, ಮೂತ್ರ ಗಾಢ ಹಳದಿ. ಇವು ಕೂಡಿ ಬಂದರೆ ಕಾಮಾಲೆಯ ಅನುಮಾನ. ಆಗ ರಕ್ತ ಪರೀಕ್ಷೆ ಆಗಬೇಕು, ಗ್ಯಾಸಿನ ಗುಳಿಗೆಯಲ್ಲಿ ದಿನ ಕಳೆಯಬಾರದು. ಅರೆತಲೆನೋವಿನ ಜೊತೆ ಬರುವ ವಾಕರಿಕೆಗೆ ಮದ್ದು ತಲೆನೋವಿನದು. ಬಸ್ಸಿನಲ್ಲಿ ಮಾತ್ರ ಬರುವುದಾದರೆ ಮೊಬೈಲ್ ಕೆಳಗಿಟ್ಟು ಮುಂದಿನ ಸೀಟಿನಲ್ಲಿ ಕುಳಿತು ರಸ್ತೆ ನೋಡುವುದು ಮೊದಲ ಉಪಾಯ.

ಪರೀಕ್ಷೆಯ ಹಿಂದಿನ ವಾರ ಶುರುವಾಗಿ ಪರೀಕ್ಷೆ ಮುಗಿದ ದಿನವೇ ಹೋಗುವ ವಾಕರಿಕೆಯೂ ಇದೆ. ಇದು ನಾಟಕವಲ್ಲ. ಮಿದುಳಿಗೂ ಕರುಳಿಗೂ ನರಗಳ ನೇರ ಸಂಪರ್ಕವಿದೆ, ಭಯಕ್ಕೆ ಹೊಟ್ಟೆ ನಿಜವಾಗಿಯೂ ತೊಳಸುತ್ತದೆ. ಜೊತೆಗೆ ನಿದ್ದೆ ಕೆಟ್ಟು, ಮನಸ್ಸು ಕುಗ್ಗಿ, ಊಟವೇ ಬೇಡವೆನಿಸಿದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಫೋನಿನಲ್ಲೇ ಮಾತಾಡುವುದಾದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಅಲ್ಲಿಗೆ ಹೋದರೆ ಹುಚ್ಚು ಎಂದುಕೊಳ್ಳುತ್ತಾರೆ ಎಂಬ ಅಂಜಿಕೆಯಿಂದ ಹೊಟ್ಟೆಯ ಗುಳಿಗೆಯಲ್ಲೇ ವರ್ಷ ಕಳೆಯುವ ಮಕ್ಕಳಿದ್ದಾರೆ. ಅಂಥವರ ಕಡೆಗೆ ಹಿರಿಯರು ಸ್ವಲ್ಪ ಮನಸ್ಸು ಕೊಡಬೇಕು.

ಈಗಲೇ ಉರಿಯುತ್ತಿದೆ, ಈಗಲೇ ಆರಬೇಕು

ಇಲ್ಲಿ ಎದುರಿಗಿರುವುದು ಮೂರು: ಈನೋದಂಥ ಪುಡಿ, ಡೈಜಿನ್ ಅಥವಾ ಜೆಲುಸಿಲ್‌ನಂಥ ದ್ರವ, ಗ್ಯಾವಿಸ್ಕಾನ್‌ನಂಥ ಆಲ್ಜಿನೇಟ್.

ಪುಡಿ ಎಲ್ಲಕ್ಕಿಂತ ಬೇಗ ಕೆಲಸ ಮಾಡುತ್ತದೆ, ಎಲ್ಲಕ್ಕಿಂತ ಬೇಗ ಮುಗಿದೂ ಹೋಗುತ್ತದೆ. 5 ಗ್ರಾಂ ಪೊಟ್ಟಣದಲ್ಲಿ ಅರ್ಧಕ್ಕೆ ಹತ್ತಿರ ಅಡುಗೆ ಸೋಡಾವೇ. ಆಮ್ಲಕ್ಕೆ ತಾಗಿ ಅನಿಲವಾಗುತ್ತದೆ, ತೇಗು ಬರುತ್ತದೆ, ಹಗುರವಾಯಿತು ಎನಿಸುತ್ತದೆ. ಆದರೆ ಹೊಟ್ಟೆ ಉಬ್ಬಿ ಆ ಸ್ನಾಯುವಿನ ಉಂಗುರ ಮತ್ತೆ ಸಡಿಲವಾಗಲೂ ಇದೇ ಅನಿಲ ಕಾರಣವಾಗಬಹುದು. ಸೋಡಿಯಂ ಅಂಶ ಹೆಚ್ಚಿರುವುದರಿಂದ ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಸಲ್ಲದು. ಮದುವೆಯೂಟದ ಮರುದಿನ ಒಂದು ಪೊಟ್ಟಣವಾದರೆ ಸರಿ. ದಿನವೂ ಬೇಕಾಗುತ್ತಿದೆ ಎಂದರೆ ಅದು ನಿಮ್ಮ ಔಷಧವಲ್ಲ.

ದ್ರವದಲ್ಲಿರುವುದು ಮೆಗ್ನೀಸಿಯಂ ಮತ್ತು ಅಲ್ಯೂಮಿನಿಯಂ ಲವಣಗಳು. ಬರಿಹೊಟ್ಟೆಯಲ್ಲಿ ಕುಡಿದರೆ ಅರ್ಧದಿಂದ ಒಂದು ಗಂಟೆ ಕೆಲಸ. ಊಟವಾಗಿ ಒಂದು ಗಂಟೆಯ ಮೇಲೆ ಕುಡಿದರೆ ಎರಡು ಮೂರು ಗಂಟೆ ನಿಲ್ಲುತ್ತದೆ. ಹೆಚ್ಚಿನವರು ಬರಿಹೊಟ್ಟೆಯಲ್ಲಿ ಕುಡಿದು, ಇದು ನನಗೆ ನಾಟುವುದಿಲ್ಲ ಎಂದು ದೂರುತ್ತಾರೆ. ಮೆಗ್ನೀಸಿಯಂ ಭೇದಿ ತರಬಹುದು, ಅಲ್ಯೂಮಿನಿಯಂ ಮಲಬದ್ಧತೆ ತರಬಹುದು. ಕಬ್ಬಿಣ, ಥೈರಾಯ್ಡ್ ಗುಳಿಗೆ, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಇವನ್ನೆಲ್ಲ ಈ ದ್ರವ ಹಿಡಿದಿಟ್ಟುಕೊಂಡು ಮೈಗೆ ಹತ್ತದಂತೆ ಮಾಡುತ್ತದೆ. ಆದ್ದರಿಂದ ನಡುವೆ ಎರಡು ಗಂಟೆಯಾದರೂ ಬಿಡಿ, ಥೈರಾಯ್ಡ್ ಗುಳಿಗೆಯಾದರೆ ನಾಲ್ಕು ಗಂಟೆ.

ಮಲಗಿದಾಗ ಹುಳಿ ಗಂಟಲಿಗೆ ಬರುವುದೇ ನಿಮ್ಮ ಮುಖ್ಯ ತೊಂದರೆಯಾದರೆ ನಾನು ಆಲ್ಜಿನೇಟ್ ಕಡೆಗೆ ಕೈ ತೋರಿಸುತ್ತೇನೆ. ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಅದು ಜಠರದೊಳಗಿನ ಊಟದ ಮೇಲೆ ಒಂದು ಪದರ ಕಟ್ಟಿ, ಆಮ್ಲ ಮೇಲೇರದಂತೆ ತಡೆಯುತ್ತದೆ. ರಾತ್ರಿ ಊಟದ ನಂತರ ಮತ್ತು ಮಲಗುವ ಮುನ್ನ ಇದರ ಹೊತ್ತು. ಕುಡಿದ ಮೇಲೆ ಮತ್ತೆ ನೀರು, ಹಾಲು ಕುಡಿಯಬೇಡಿ, ಪದರ ಒಡೆಯುತ್ತದೆ. ಡೈಜಿನ್‌ಗಿಂತ ಬೆಲೆ ಹೆಚ್ಚು, ಎಲ್ಲ ಅಂಗಡಿಯಲ್ಲಿ ಇರುವುದೂ ಇಲ್ಲ.

ತಣ್ಣನೆ ಹಾಲು ಕುಡಿದರೆ ಹಾಯೆನಿಸುವುದು ನಿಜ. ಆದರೆ ಸ್ವಲ್ಪ ಹೊತ್ತಿಗೆ ಹಾಲಿನ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಇನ್ನಷ್ಟು ಆಮ್ಲ ಸುರಿಸುತ್ತವೆ. ನೀರುಮಜ್ಜಿಗೆ ಹುಳಿಯಾಗಿಲ್ಲದಿದ್ದರೆ ಮಧ್ಯಾಹ್ನದ ಊಟಕ್ಕೆ ಬಹಳ ಜನಕ್ಕೆ ಒಗ್ಗುತ್ತದೆ. ಲಿಂಬು ಸೋಡಾ ಎರಡೂ ಕಡೆಯಿಂದ ಕೆಟ್ಟದ್ದು, ಹುಳಿಯೂ ಹೌದು, ಅನಿಲವೂ ಹೌದು. ಶುಂಠಿ ವಾಕರಿಕೆಗೆ ಒಳ್ಳೆಯದು, ಗರ್ಭಿಣಿಯರ ವಾಕರಿಕೆಗೆ ಅದು ನೆರವಾಗುವುದನ್ನು ಅಧ್ಯಯನಗಳೂ ತೋರಿಸಿವೆ. ಆದರೆ ಎದೆಯುರಿ ಮುಂದಿದ್ದವರಲ್ಲಿ ಕೆಲವರಿಗೆ ಅದೇ ಶುಂಠಿ ಉರಿ ಹೆಚ್ಚಿಸುತ್ತದೆ. ಪುದೀನ ಆ ಸ್ನಾಯುವನ್ನು ಸಡಿಲಿಸುವುದರಿಂದ ಎದೆಯುರಿಯವರಿಗೆ ಬೇಡ. ಆಯುರ್ವೇದದ ಅವಿಪತ್ತಿಕರ ಚೂರ್ಣದಲ್ಲಿ ಭೇದಿ ಮಾಡಿಸಲು ಕೊಡುವ ತಿಗಡೆ ಬೇರು ಇರುತ್ತದೆ. ಹೊಟ್ಟೆ ಕಟ್ಟಿದವರಿಗೆ ಅದು ಹಿತವೆನಿಸಬಹುದು, ಸಡಿಲ ಹೊಟ್ಟೆಯವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಉರಿ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬರುತ್ತಿದ್ದರೆ

ಈಗ ಆಯ್ಕೆ ಆಮ್ಲ ಸುರಿಯುವುದನ್ನೇ ತಗ್ಗಿಸುವ ಔಷಧಗಳದ್ದು, ಫಾಮೊಟಿಡಿನ್ ಮತ್ತು ಪ್ಯಾಂಟೊಪ್ರಜೋಲ್ ಗುಂಪಿನ ನಡುವೆ. ಹಿಂದೆ ಮನೆಮನೆಯಲ್ಲಿದ್ದ ರಾನಿಟಿಡಿನ್ ಅನ್ನು ನಾನು ಸೂಚಿಸುವುದಿಲ್ಲ. ಅದರಲ್ಲಿ ಕ್ಯಾನ್ಸರ್‌ಕಾರಕವೆಂದು ಶಂಕಿಸಲಾದ ಕಲ್ಮಶ ಕಂಡುಬಂದು 2020ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ಆಡಳಿತ ಅದನ್ನು ಮಾರುಕಟ್ಟೆಯಿಂದ ತೆಗೆಯಲು ಹೇಳಿತು. 2022ರಲ್ಲಿ ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಿಂದಲೂ ಅದನ್ನು ಕೈಬಿಡಲಾಯಿತು.

ಫಾಮೊಟಿಡಿನ್ 20 ಮಿಲಿಗ್ರಾಂ ಒಂದು ಗಂಟೆಯೊಳಗೆ ಹಿಡಿಯುತ್ತದೆ, ಹತ್ತು ಹನ್ನೆರಡು ಗಂಟೆ ನಿಲ್ಲುತ್ತದೆ. ಇಂದು ರಾತ್ರಿ ಗೆಳೆಯನ ಮದುವೆಯ ಊಟವಿದೆ, ಉಂಡರೆ ಉರಿಯುವುದು ಖಚಿತ ಎಂದು ಮೊದಲೇ ತಿಳಿದಿರುವವನಿಗೆ ಇದು ತಕ್ಕ ಔಷಧ. ಆದರೆ ದಿನವೂ ತೆಗೆದುಕೊಂಡರೆ ಒಂದೆರಡು ವಾರದಲ್ಲೇ ಮೈ ಅದಕ್ಕೆ ಒಗ್ಗಿಕೊಂಡು ಪರಿಣಾಮ ಇಳಿಯುತ್ತದೆ.

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್, ಎಸೊಮೆಪ್ರಜೋಲ್ ಒಂದೇ ಗುಂಪಿನವು. ಆಮ್ಲ ಸುರಿಸುವ ಪಂಪುಗಳನ್ನೇ ನಿಲ್ಲಿಸುತ್ತವೆ. ಒಂದರಿಂದ ಇನ್ನೊಂದಕ್ಕೆ ಹಾರುವುದರಿಂದ ಹೆಚ್ಚಿನವರಿಗೆ ದೊಡ್ಡ ಲಾಭವಿಲ್ಲ. ಲಾಭ ಇರುವುದು ನುಂಗುವ ಹೊತ್ತಿನಲ್ಲಿ. ಆ ಪಂಪುಗಳು ಚುರುಕಾಗುವುದು ಊಟ ಹೊಟ್ಟೆಗೆ ಬಿದ್ದಾಗ, ಔಷಧ ಕೆಲಸ ಮಾಡುವುದೂ ಚುರುಕಾದ ಪಂಪುಗಳ ಮೇಲೆಯೇ. ಆದ್ದರಿಂದ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ನುಂಗಬೇಕು, ಆಮೇಲೆ ತಿಂಡಿ ತಿನ್ನಲೇಬೇಕು. ನಮ್ಮ ಹುಡುಗರು ಬೆಳಗ್ಗೆ ಏಳಕ್ಕೆ ಗುಳಿಗೆ ನುಂಗಿ, ಚಹಾ ಕುಡಿದು, ತಿಂಡಿ ಬಿಟ್ಟು, ಮಧ್ಯಾಹ್ನ ಎರಡಕ್ಕೆ ಖಾನಾವಳಿಗೆ ಹೋಗುತ್ತಾರೆ. ಹೀಗಾದರೆ ಗುಳಿಗೆಯ ದುಡ್ಡು ದಂಡ. ಉರಿ ರಾತ್ರಿಯದೇ ಆಗಿದ್ದರೆ ಗುಳಿಗೆಯನ್ನು ರಾತ್ರಿಯ ಊಟದ ಮುಂಚೆಗೆ ಬದಲಾಯಿಸಬಹುದೇ ಎಂದು ವೈದ್ಯರನ್ನು ಕೇಳಿ. ಪೂರ್ತಿ ಪರಿಣಾಮಕ್ಕೆ ಮೂರು ನಾಲ್ಕು ದಿನ ಬೇಕು. ಉರಿ ಬಂದಾಗ ಒಂದು ನುಂಗಿ ಹತ್ತು ನಿಮಿಷ ಕಾಯುವ ಔಷಧವಲ್ಲ ಇದು. ಗುಳಿಗೆಯನ್ನು ಪುಡಿ ಮಾಡಬಾರದು, ಅಗಿಯಬಾರದು.

ವೈದ್ಯರು ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರಕ್ಕೆ ಬರೆಯುತ್ತಾರೆ. ಆ ಅವಧಿ ಮುಗಿದ ಮೇಲೂ ಚೀಟಿ ಇಲ್ಲದೆ ಮುಂದುವರಿಸುವುದು ಬೇಡ. ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಮತ್ತು ಮೆಗ್ನೀಸಿಯಂ ಕೊರತೆ ಕಾಣಬಹುದು, ಕಬ್ಬಿಣ ಮೈಗೆ ಹತ್ತುವುದೂ ತಗ್ಗುತ್ತದೆ. ಸಸ್ಯಾಹಾರಿಗಳಿಗೆ ಬಿ12 ಮೊದಲೇ ಕಡಿಮೆ. ಇನ್ನೊಂದು ಮಾತು: ಬಹಳ ದಿನದ ಮೇಲೆ ಒಮ್ಮೆಲೆ ನಿಲ್ಲಿಸಿದರೆ ಆಮ್ಲ ಮರುಪುಟಿದು ಕೆಲವು ವಾರ ಉರಿ ಹೆಚ್ಚಾಗಬಹುದು. ನನಗೆ ಇದು ಜೀವನಪೂರ್ತಿ ಬೇಕು ಎಂದು ಎಷ್ಟೋ ಜನ ತೀರ್ಮಾನಿಸುವುದು ಆ ವಾರಗಳಲ್ಲೇ. ವೈದ್ಯರನ್ನು ಕೇಳಿ ದಿನ ಬಿಟ್ಟು ದಿನಕ್ಕೆ ಇಳಿಸಿ, ನಡುವಿನ ದಿನಗಳನ್ನು ಆಲ್ಜಿನೇಟ್ ಅಥವಾ ಫಾಮೊಟಿಡಿನ್ ಮೇಲೆ ದಾಟಿಸಿದರೆ ಹೆಚ್ಚಿನವರು ಹೊರಬರುತ್ತಾರೆ. ಕೊಳ್ಳುವಾಗ ಜನೌಷಧಿ ಕೇಂದ್ರದ್ದೂ ಅದೇ ಔಷಧ, ಬೆಲೆ ಬಹಳ ಕಡಿಮೆ.

ಹೆಸರಿನ ಕೊನೆಯ ಅಕ್ಷರ

ಒಂದು ಸ್ಟ್ರಿಪ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಮುಂದೆ ದೊಡ್ಡದಾಗಿ ಕಂಪನಿ ಇಟ್ಟ ಹೆಸರು, ಕೊನೆಗೆ ಒಂದು 'ಡಿ' ಅಥವಾ 'ಎಲ್'. ಹಿಂದೆ, ಬೆಳ್ಳಿ ಹಾಳೆಯ ಮೇಲೆ ಸಣ್ಣ ಅಕ್ಷರದಲ್ಲಿ ನಿಜವಾದ ಹೆಸರುಗಳು. 'ಡಿ' ಇದ್ದರೆ ಸಾಮಾನ್ಯವಾಗಿ ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ ಜೊತೆಗೆ ನಿಧಾನವಾಗಿ ಬಿಡುಗಡೆಯಾಗುವ ಡಾಂಪೆರಿಡೋನ್ 30 ಮಿಲಿಗ್ರಾಂ ಎಂದು ಬರೆದಿರುತ್ತದೆ. 'ಎಲ್' ಎಂದರೆ ಹೆಚ್ಚಾಗಿ ಜಠರದ ಚಲನೆ ಚುರುಕುಗೊಳಿಸುವ ಲೆವೊಸಲ್ಪಿರೈಡ್. ಗೆಳೆಯ ಮುರಿದುಕೊಟ್ಟ ಕ್ಯಾಪ್ಸೂಲಿನ ಹಿಂದೆ ಈ ಬರಹವೂ ಅರ್ಧ ಹರಿದುಹೋಗಿರುತ್ತದೆ.

ಡಾಂಪೆರಿಡೋನ್ ವಾಕರಿಕೆಯ ಔಷಧ. ಉರಿ ಮಾತ್ರ ಇರುವವನಿಗೆ ಅದು ಬೇಕಿಲ್ಲ. ಹೃದಯದ ಬಡಿತದ ಲಯವನ್ನು ಕೆಡಿಸುವ ಅಪಾಯವಿದೆ ಎಂಬ ಕಾರಣಕ್ಕೆ ಐರೋಪ್ಯ ಔಷಧ ಸಂಸ್ಥೆ 2014ರಲ್ಲಿ ಅದನ್ನು ವಾಕರಿಕೆ, ವಾಂತಿಗೆ ಮಾತ್ರ ಸೀಮಿತಗೊಳಿಸಿ, ಎದೆಯುರಿ ಮತ್ತು ಹೊಟ್ಟೆಯುಬ್ಬರಕ್ಕೆ ಕೊಡುವುದನ್ನು ಕೈಬಿಡಲು ಹೇಳಿತು. ವಯಸ್ಕರಿಗೆ ಒಮ್ಮೆಗೆ 10 ಮಿಲಿಗ್ರಾಂ, ದಿನಕ್ಕೆ ಹೆಚ್ಚೆಂದರೆ ಮೂರು ಸಲ, ಸಾಮಾನ್ಯವಾಗಿ ಒಂದು ವಾರ ಮೀರದಂತೆ ಎಂಬುದು ಅಲ್ಲಿನ ನಿಯಮ. ನಮ್ಮಲ್ಲಿ ಅದೇ ಔಷಧ ಗ್ಯಾಸಿನ ಕ್ಯಾಪ್ಸೂಲಿನೊಳಗೆ ಸೇರಿ ತಿಂಗಳುಗಟ್ಟಲೆ ಹೊಟ್ಟೆಗೆ ಹೋಗುತ್ತಿದೆ.

ಹಾಸ್ಟೆಲಿನವರು ಇನ್ನೊಂದನ್ನು ನೆನಪಿಡಬೇಕು. ಹುಳುಕಡ್ಡಿಗೆ ಇಟ್ರಾಕೊನಜೋಲ್ ನುಂಗುವವರು ಇಲ್ಲಿ ಬಹಳ. ಡಾಂಪೆರಿಡೋನ್ ಜೊತೆ ಅದು ಸೇರಿದರೆ ರಕ್ತದಲ್ಲಿ ಡಾಂಪೆರಿಡೋನ್ ಪ್ರಮಾಣ ಏರಿ ಹೃದಯಕ್ಕೆ ಅಪಾಯ. ಅಷ್ಟೇ ಅಲ್ಲ, ಇಟ್ರಾಕೊನಜೋಲ್ ಕ್ಯಾಪ್ಸೂಲ್ ಕರಗಲು ಜಠರದ ಆಮ್ಲ ಬೇಕು. ಪ್ಯಾಂಟೊಪ್ರಜೋಲ್ ಆಮ್ಲವನ್ನೇ ತಗ್ಗಿಸಿದರೆ ಚರ್ಮದ ಔಷಧ ನಾಟುವುದಿಲ್ಲ. ಹುಳುಕಡ್ಡಿ ವಾಸಿಯಾಗುತ್ತಿಲ್ಲ ಎಂದು ಕೊರಗುವವರ ಜೇಬಿನಲ್ಲಿ ಕೆಲವೊಮ್ಮೆ ಗ್ಯಾಸಿನ ಗುಳಿಗೆಯೂ ಇರುತ್ತದೆ. ಎರಡು ಬೇರೆ ವೈದ್ಯರು, ಎರಡು ಬೇರೆ ಚೀಟಿ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಡಾಂಪೆರಿಡೋನ್ ಮತ್ತು ಲೆವೊಸಲ್ಪಿರೈಡ್ ಎರಡೂ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಏರಿಸುತ್ತವೆ. ಹುಡುಗಿಯರಲ್ಲಿ ಮುಟ್ಟು ತಪ್ಪಬಹುದು, ಎದೆಯಿಂದ ಹಾಲಿನಂಥ ದ್ರವ ಬರಬಹುದು. ಹೀಗಾದರೆ ಹೆದರಿ ಸ್ಕ್ಯಾನಿಂಗ್‌ಗೆ ಓಡುವ ಮುನ್ನ ನುಂಗುತ್ತಿರುವ ಕ್ಯಾಪ್ಸೂಲನ್ನು ವೈದ್ಯರಿಗೆ ತೋರಿಸಿ.

ಹಾಗಾದರೆ ಬರಿಯ ವಾಕರಿಕೆಗೆ ಯಾವುದು? ಒಂದೆರಡು ದಿನದ ವಾಂತಿಗೆ ವೈದ್ಯರು ಕೊಡುವ ಒಂಡಾನ್ಸೆಟ್ರಾನ್ 4 ಮಿಲಿಗ್ರಾಂ ಯುವಕರಿಗೆ ಸಾಮಾನ್ಯವಾಗಿ ಒಗ್ಗುತ್ತದೆ. ತಲೆನೋವು, ಮಲಬದ್ಧತೆ ಅದರ ಅಡ್ಡಪರಿಣಾಮ, ಹೃದಯದ ಲಯದ ತೊಂದರೆ ಇದ್ದವರಿಗೆ ಅದೂ ಬೇಡ. ಮೆಟೊಕ್ಲೊಪ್ರಮೈಡ್ ಮಾತ್ರ ಇಪ್ಪತ್ತರ ವಯಸ್ಸಿನವರಿಗೆ ನನಗೆ ಇಷ್ಟವಿಲ್ಲದ ಔಷಧ. ಕುತ್ತಿಗೆ ಒಂದು ಕಡೆ ತಿರುಚಿಕೊಂಡು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡು, ದವಡೆ ಬಿಗಿಯುವ ತೊಂದರೆ ಅದರಿಂದ ಬರಬಹುದು. ಅದು ಹೆಚ್ಚು ಕಾಣುವುದು ಎಳೆಯ ವಯಸ್ಸಿನವರಲ್ಲೇ, ಅದರಲ್ಲೂ ಹುಡುಗಿಯರಲ್ಲಿ. ಮನೆಯವರು ಗಾಳಿ ಸೋಕಿತು ಎಂದು ಹೆದರುತ್ತಾರೆ. ಆಸ್ಪತ್ರೆಗೆ ಕರೆದೊಯ್ದರೆ ಒಂದು ಇಂಜೆಕ್ಷನ್‌ನಲ್ಲಿ ಬಿಡುವಂಥದ್ದು ಅದು. ವಾಂತಿ ನಡೆದಿರುವಾಗ ಗುಳಿಗೆಗಿಂತ ಮೊದಲು ಬೇಕಾದದ್ದು ಓಆರ್‌ಎಸ್, ಗುಟುಕು ಗುಟುಕಾಗಿ.

ಖಾನಾವಳಿಯ ತಟ್ಟೆ

ಊಟದ ವಿಷಯದಲ್ಲಿ ನಮ್ಮ ಕಡೆ ತಪ್ಪು ಹೊರಿಸುವುದು ಯಾವಾಗಲೂ ಖಾರದ ಮೇಲೆ. ನನ್ನ ಅಭಿಪ್ರಾಯ ಬೇರೆ. ಜೋಳದ ರೊಟ್ಟಿಯಲ್ಲಿ ಎಣ್ಣೆ ಇಲ್ಲ, ಕಾಳುಪಲ್ಯ ಹಗುರ. ಕೆಂಪಾಗಿ ಕಾಣುವ ಖಾರ ಬ್ಯಾಡಗಿ ಮೆಣಸಿನಕಾಯಿಯದಾಗಿದ್ದರೆ ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ; ಹಾವೇರಿ ಜಿಲ್ಲೆಯ ಆ ಕಾಯಿಗೆ ಹೆಸರು ಬಂದದ್ದೇ ಅದರಿಂದ. ಗುಂಟೂರು ಕಾಯಿ ಬೆರೆಸಿದ ಖಾರದ ಪುಡಿಯ ಮಾತು ಬೇರೆ. ನಿಜವಾಗಿ ಕೆಡಿಸುವುದು ಎಣ್ಣೆ, ಪ್ರಮಾಣ ಮತ್ತು ಹೊತ್ತು. ಜಿಡ್ಡು ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ, ಊಟ ಒಳಗೆ ಹೆಚ್ಚು ಹೊತ್ತು ನಿಲ್ಲುತ್ತದೆ.

ಸಂಜೆ ಐದಕ್ಕೆ ಗಿರ್ಮಿಟ್ ಜೊತೆ ಮಿರ್ಚಿ ಬಜಿ ತಿನ್ನುವುದನ್ನು ತೆಗೆದುಕೊಳ್ಳಿ. ಬಜಿಯಲ್ಲಿ ಹಸಿಮೆಣಸಿನಕಾಯಿ ಮತ್ತು ಕರಿದ ಎಣ್ಣೆ ಎರಡೂ; ಗಿರ್ಮಿಟ್‌ನಲ್ಲಿ ಹಸಿ ಉಳ್ಳಾಗಡ್ಡಿ, ಹುಣಸೆ, ಟೊಮೆಟೊ. ಒಂದನ್ನೇ ಬಿಡುವುದಾದರೆ ಬಜಿ ಬಿಡಿ. ಗಿರ್ಮಿಟ್ ಮಾಡುವವರ ಬಳಿ ಉಳ್ಳಾಗಡ್ಡಿ ಕಡಿಮೆ ಹಾಕಿಸಿಕೊಂಡರೆ ಹಲವರಿಗೆ ನಡೆಯುತ್ತದೆ, ಒಣ ಚುರುಮುರಿ ಪುಟಾಣಿಯಾದರೆ ಇನ್ನೂ ಮೇಲು. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ರಾತ್ರಿ ಹತ್ತಕ್ಕೆ ನಿಂತು ತಿಂದು ಬಂದು ಹನ್ನೊಂದಕ್ಕೆ ಮಲಗಿದರೆ ಯಾವ ಗುಳಿಗೆಯೂ ಪೂರ್ತಿ ಕಾಯಲಾರದು.

ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ ಇರಬೇಕು. ಓದುವವರಿಗೆ ಇದು ಕಷ್ಟವಲ್ಲ, ಹನ್ನೆರಡರವರೆಗೆ ಎದ್ದಿರುತ್ತಾರೆ. ತೊಂದರೆ ಏನೆಂದರೆ ಡಬ್ಬಿ ಏಳೂವರೆಗೆ ಬಂದರೂ ಅದು ಮೂಲೆಯಲ್ಲಿ ಆರುತ್ತ ಕುಳಿತು ಹತ್ತೂವರೆಗೆ ಬಿಚ್ಚಿಕೊಳ್ಳುತ್ತದೆ. ಡಬ್ಬಿ ಬಂದಾಗಲೇ ಉಣ್ಣಿ. ಹನ್ನೊಂದಕ್ಕೆ ಹಸಿದರೆ ಒಂದು ಬಾಳೆಹಣ್ಣು ಸಾಕು. ಹೊಟ್ಟೆ ಕೆಟ್ಟ ದಿನ ಎಣ್ಣೆಗಾಯಿ, ರಂಜಕ ಬಿಟ್ಟು ಜೋಳದ ನುಚ್ಚು ಮಜ್ಜಿಗೆಗೆ ಬನ್ನಿ.

ಚಹಾ ಪೂರ್ತಿ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಬರಿಹೊಟ್ಟೆಯ ಮೊದಲ ಚಹಾ ಮಾತ್ರ ಬಿಟ್ಟು, ತಿಂಡಿಯ ಮೇಲೆ ಕುಡಿದು ನೋಡಿ. ಬೆಳಗಿನ ವಾಕರಿಕೆ ಅಷ್ಟರಲ್ಲೇ ಹೋದವರಿದ್ದಾರೆ. ಗುಟ್ಕಾ, ಸಿಗರೇಟ್, ಮದ್ಯದ ವಿಷಯದಲ್ಲಿ ರಾಜಿ ಇಲ್ಲ. ಹೊಟ್ಟೆಯ ಸುತ್ತ ಬೊಜ್ಜು ಬೆಳೆದಿದ್ದರೆ ತೂಕ ಇಳಿಸುವುದು ಯಾವ ಗುಳಿಗೆಗೂ ಕಡಿಮೆಯಲ್ಲದ ಔಷಧ.

ದಿಂಬೋ, ಇಟ್ಟಿಗೆಯೋ

ರಾತ್ರಿ ಉರಿಯುವವರು ಎರಡು ಮೂರು ದಿಂಬು ಪೇರಿಸಿಕೊಳ್ಳುತ್ತಾರೆ. ಆಗ ಕುತ್ತಿಗೆ ಮಾತ್ರ ಮೇಲೇಳುತ್ತದೆ, ನಡು ಮಡಚಿ ಹೊಟ್ಟೆಯ ಮೇಲೆ ಒತ್ತಡ ಬೀಳುತ್ತದೆ, ಆಮ್ಲಕ್ಕೆ ಅದೇ ಅನುಕೂಲ. ಇಟ್ಟಿಗೆ ಒಳ್ಳೆಯದು. ಮಂಚದ ತಲೆಭಾಗದ ಎರಡು ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ ಒಂದರ ಮೇಲೊಂದು ಅಡ್ಡಡ್ಡ ಇಟ್ಟರೆ ಸುಮಾರು 15 ಸೆಂಟಿಮೀಟರ್ ಎತ್ತರವಾಗುತ್ತದೆ, ಬೇಕಾದದ್ದು 15ರಿಂದ 20. ಕಬ್ಬಿಣದ ಮಂಚದ ಕಾಲು ಜಾರದಂತೆ ಇಟ್ಟಿಗೆಯ ಮೇಲೆ ಹಳೆಯ ಗೋಣಿಚೀಲದ ತುಂಡು ಹಾಕಿ. ಒಬ್ಬರ ಮೇಲೊಬ್ಬರು ಮಲಗುವ ಎರಡು ಅಂತಸ್ತಿನ ಮಂಚಕ್ಕೆ ಇದನ್ನು ಮಾಡಬೇಡಿ, ಉರುಳೀತು. ಅಲ್ಲಿ ಗಾದಿಯ ಕೆಳಗೆ ಬೆನ್ನಿನಿಂದ ತಲೆಯವರೆಗೆ ಇಳಿಜಾರಾಗುವಂತೆ ಕಂಬಳಿ ಮಡಚಿ ಇಡಿ. ಎಡ ಮಗ್ಗುಲಿಗೆ ಮಲಗುವುದಕ್ಕೆ ಖರ್ಚೇ ಇಲ್ಲ. ಜಠರ ಎಡಕ್ಕೆ ಬಾಗಿರುವುದರಿಂದ ಆ ಮಗ್ಗುಲಿನಲ್ಲಿ ಆಮ್ಲ ಅನ್ನನಾಳದ ಬಾಯಿಗಿಂತ ಕೆಳಗೆ ನಿಲ್ಲುತ್ತದೆ.

ಎಂಡೋಸ್ಕೋಪಿಯೋ, ಕಾಯುವುದೋ

ಅಪಾಯದ ಲಕ್ಷಣವಿಲ್ಲದ ಇಪ್ಪತ್ತೈದರ ಯುವಕನಿಗೆ ಮೊದಲ ಭೇಟಿಯಲ್ಲೇ ಎಂಡೋಸ್ಕೋಪಿ, ಅಂದರೆ ಬಾಯಿಯಿಂದ ಕೊಳವೆ ಇಳಿಸಿ ಜಠರ ನೋಡುವ ಪರೀಕ್ಷೆ, ಸಾಮಾನ್ಯವಾಗಿ ಬೇಕಾಗುವುದಿಲ್ಲ. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ಕಲ್ಲು ಕಾಣುತ್ತದೆ, ಆದರೆ ಆಮ್ಲ ಮೇಲೇರುವುದು ಕಾಣುವುದಿಲ್ಲ. ಸ್ಕ್ಯಾನಿಂಗ್ ಸರಿ ಇದೆ ಎಂದರೆ ಉರಿ ಸುಳ್ಳು ಎಂದಲ್ಲ. ಹೊಟ್ಟೆಯ ಮೇಲ್ಭಾಗದ ನೋವು, ವಾಕರಿಕೆ ಬಿಡದೆ ಇದ್ದರೆ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾಕ್ಕೆ ಮಲದ ಅಥವಾ ಉಸಿರಿನ ಪರೀಕ್ಷೆ ಮಾಡಿಸಬಹುದೇ ಎಂದು ಕೇಳಿ. ನಮ್ಮ ದೇಶದಲ್ಲಿ ಅದು ಬಹಳ ಸಾಮಾನ್ಯ.

ಕಾಯಬಾರದ ಲಕ್ಷಣಗಳು ಇವು: ನುಂಗಿದ ತುತ್ತು ಎದೆಯಲ್ಲಿ ಸಿಕ್ಕಿಕೊಳ್ಳುವುದು, ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿಯಂಥ ಕಪ್ಪು, ಡಾಂಬರಿನಂಥ ಮಲ, ಪ್ರಯತ್ನವಿಲ್ಲದೆ ತೂಕ ಇಳಿಯುವುದು, ಒಂದು ದಿನಪೂರ್ತಿ ನೀರೂ ನಿಲ್ಲದ ವಾಂತಿ, ಕಣ್ಣು ಹಳದಿ. ಬಾಯಾರಿಕೆ, ಪದೇ ಪದೇ ಮೂತ್ರ, ಹೊಟ್ಟೆನೋವು, ವಾಂತಿ ಕೂಡಿ ಬಂದು ಉಸಿರು ಏರುತ್ತಿದ್ದರೆ ಎಳೆಯರಲ್ಲಿ ಅದು ಸಕ್ಕರೆ ಕಾಯಿಲೆಯ ಮೊದಲ ಹೊಡೆತವಾಗಿರಬಹುದು, ತಡಮಾಡಬಾರದು. ಎದೆನೋವು ತೋಳಿಗೋ ದವಡೆಗೋ ಹರಡಿ ಬೆವರು ಬಂದರೆ ವಯಸ್ಸು ಚಿಕ್ಕದೆಂದು ಗ್ಯಾಸಿನ ಲೆಕ್ಕಕ್ಕೆ ಹಾಕದೆ 108ಕ್ಕೆ ಕರೆ ಮಾಡಿ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಮೊದಲು ಕಿಮ್ಸ್ ಎನ್ನುತ್ತಿದ್ದ ಸರ್ಕಾರಿ ಆಸ್ಪತ್ರೆ ಕೆಎಂಸಿಆರ್‌ಐ ಇದೆ, ಗದಗದಲ್ಲಿ ಜಿಮ್ಸ್ ಇದೆ, ಹಾವೇರಿಯಲ್ಲಿಯೂ ಸರ್ಕಾರಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆ ಇದೆ.

ವೈದ್ಯರ ಬಳಿ ಹೋಗುವ ಮುನ್ನ ಒಂದು ವಾರ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ: ಉರಿ ಎಷ್ಟು ಹೊತ್ತಿಗೆ, ವಾಕರಿಕೆ ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನು ಉಂಡಿರಿ, ಯಾವಾಗ ಮಲಗಿದಿರಿ. ನುಂಗುತ್ತಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ; ನೋವಿನದು, ಮೊಡವೆಯದು, ಹುಳುಕಡ್ಡಿಯದು, ಗೆಳೆಯ ಕೊಟ್ಟದ್ದು, ಎಲ್ಲವೂ ಇರಲಿ. ಪೈಲೋರಿ ಪರೀಕ್ಷೆ ಬರೆದುಕೊಟ್ಟರೆ ಪ್ಯಾಂಟೊಪ್ರಜೋಲ್ ಗುಂಪಿನ ಗುಳಿಗೆಯನ್ನು ಎರಡು ವಾರ ಮುಂಚೆ, ಆಂಟಿಬಯಾಟಿಕ್ಕನ್ನು ನಾಲ್ಕು ವಾರ ಮುಂಚೆ ನಿಲ್ಲಿಸಿರಬೇಕಾಗುತ್ತದೆ. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ವರದಿಯಲ್ಲಿ ಇಲ್ಲವೆಂದು ಬರಬಹುದು. ಆದ್ದರಿಂದ ಕೊನೆಯ ಗುಳಿಗೆ ನುಂಗಿದ ತಾರೀಖನ್ನೂ ಅದೇ ಪಟ್ಟಿಯಲ್ಲಿ ಬರೆದುಕೊಳ್ಳಿ.